ಐಟಿ ರಿಟರ್ನ್ ಹಾಕಿದ್ದಕ್ಕೆ ನಮ್ಮ ಬಿಪಿಎಲ್ ರೇಷನ್ ಕಾರ್ಡ್ ಎಪಿಎಲ್ ಆಗಿದೆ. ಅಕ್ಕಿ ಹೇಗೂ ಅಂಗಡಿಯಲ್ಲಿ ತರುತ್ತೇವೆ. ತಂದೆಗೆ ಸಕ್ಕರೆ ಕಾಯಿಲೆ ಇದೆ, ಓಡಾಟಕ್ಕೆ ಹೋಗುವ ದುಡ್ಡಲ್ಲಿ ಪ್ರೈವೇಟ್ ಇನ್ಶೂರೆನ್ಸ್ ಮಾಡಿಸ್ತೀನಿ. ಇದಕ್ಕಾಗಿ ಓಡಾಡಬೇಕಾ, ಸುಮ್ನೆ ಬಿಡಬೇಕಾ?

ಬಿಡಬೇಡಿ. ನೀವು ಬರೆದಿರುವುದನ್ನೇ ನಾನೂ 2024ರ ನವೆಂಬರ್‌ನಲ್ಲಿ ಅಂದುಕೊಂಡಿದ್ದೆ.

ನಾನು ಟೈಲರ್. ಓವರ್‌ಲಾಕ್ ಮಷಿನ್‌ಗೆ ಸಣ್ಣ ಸಾಲ ಕೇಳಿದಾಗ ಐಟಿ ರಿಟರ್ನ್ ತನ್ನಿ ಅಂದರು. ಮಾಡಿಸಿದೆ. ವರ್ಷಕ್ಕೆ 1 ಲಕ್ಷ 10 ಸಾವಿರ ಆದಾಯ, ತೆರಿಗೆ ಸೊನ್ನೆ. ಆ ನವೆಂಬರ್‌ನಲ್ಲಿ ರೇಷನ್ ಸೊಸೈಟಿಯವರು "ರಿಟರ್ನ್ ಹಾಕಿದ್ದಕ್ಕೆ ನಿಮ್ದು ಎಪಿಎಲ್ ಆಗಿದೆ, ಅಕ್ಕಿ ಬರಲ್ಲ" ಅಂದರು.

ಇಲ್ಲೇ ನಾನು ತಪ್ಪಿದ್ದು. ಮನೆಯಲ್ಲಿ ಮೂರು ಜನ. ಆಗ ತಿಂಗಳಿಗೆ 15 ಕೆಜಿ ಅಕ್ಕಿ, ಕೊಡಬೇಕಿದ್ದ ಉಳಿದ ಅಕ್ಕಿಯ ಬದಲು ತಲಾ 170 ರೂಪಾಯಿ. ಅಷ್ಟಕ್ಕೆ ತಾಲೂಕು ಕಚೇರಿಗೆ ಅಲೆದು ಎರಡು ದಿನದ ಹೊಲಿಗೆ ಯಾಕೆ ಕಳೆದುಕೊಳ್ಳಲಿ ಅಂತ ಲೆಕ್ಕ ಹಾಕಿದೆ. ಕಾರ್ಡ್ ಅಂದರೆ ಅಕ್ಕಿ ಅಷ್ಟೇ ಅನ್ನೋದು ತಲೆಯಲ್ಲಿ ಕೂತಿತ್ತು. ಆಸ್ಪತ್ರೆಯಲ್ಲಿ ಕೇಳುವುದೂ ಅದೇ ಕಾರ್ಡ್ ಅಂತ ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿತ್ತು, ನೆನಪಿಗೆ ಬರಲೇ ಇಲ್ಲ. ಅದೇ ತಿಂಗಳು ಸರ್ಕಾರವೇ ಹೇಳಿತ್ತು: ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಬಿಪಿಎಲ್ ವಾಪಸ್ ಕೊಡುತ್ತೇವೆ ಅಂತ. ನಾನು ಹೋಗಿ ಕೇಳಲೇ ಇಲ್ಲ.

ಜನವರಿಯಲ್ಲಿ ಅಮ್ಮನಿಗೆ ಎದೆನೋವು. ಸ್ಟೆಂಟ್ ಹಾಕಬೇಕು ಅಂದರು. ಆಸ್ಪತ್ರೆಯಲ್ಲಿ ಸರ್ಕಾರಿ ಚಿಕಿತ್ಸಾ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರ ಕೌಂಟರ್‌ನಲ್ಲಿ ಕಾರ್ಡ್ ನಂಬರ್ ಹಾಕಿ ನೋಡಿದ ಹುಡುಗಿ "ಎಪಿಎಲ್ ಅಂತ ತೋರಿಸ್ತಿದೆ ಅಣ್ಣಾ" ಅಂದಳು. ಬಿಪಿಎಲ್ ಆದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30% ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಮಿಕ್ಕಿದ್ದು ನಮ್ಮ ಕೈಯಿಂದ.

ಒಳಗೆ ಕರೆದುಕೊಂಡು ಹೋಗುವ ಮೊದಲು ನರ್ಸ್ ಅಮ್ಮನ ಕೈಗೆ ಸೋಪು ಹಚ್ಚಿ ಎರಡು ಬಳೆ ತೆಗೆದು ನನ್ನ ಕರ್ಚೀಫಿನಲ್ಲಿ ಹಾಕಿದರು. ಸಂಜೆ ಆ ಕರ್ಚೀಫನ್ನು ಹಾಗೇ ಗಿರವಿ ಅಂಗಡಿಯಲ್ಲಿ ಬಿಚ್ಚಿದೆ. ಸೋಪು ಇನ್ನೂ ಒಣಗಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಅಕ್ಕಿ ಬೇಕಾ ಬೇಡವಾ ಅನ್ನೋದಲ್ಲ ಇಲ್ಲಿ ವಿಷಯ. "ಆ ದುಡ್ಡಲ್ಲಿ ಪ್ರೈವೇಟ್ ಇನ್ಶೂರೆನ್ಸ್ ಮಾಡಿಸ್ತೀನಿ" ಅಂತಲೂ ಬರೆದಿದ್ದೀರಿ. ತಂದೆಗೆ ಈಗಾಗಲೇ ಸಕ್ಕರೆ ಕಾಯಿಲೆ ಇದೆ ಅಂದಿರಲ್ವಾ? ಮೊದಲೇ ಇರುವ ಕಾಯಿಲೆಗೆ ಪಾಲಿಸಿಯಲ್ಲಿ 3 ವರ್ಷದವರೆಗೂ ಕಾಯಿಸಬಹುದು.

ರಿಟರ್ನ್ ಹಾಕುವುದೇ ಬೇರೆ, ತೆರಿಗೆ ಕಟ್ಟುವುದೇ ಬೇರೆ. ತೆರಿಗೆ ಸೊನ್ನೆ ಅಂತ ಕಾಣುವ ರಿಟರ್ನ್ ಪ್ರತಿ, ಆದಾಯ ಪ್ರಮಾಣಪತ್ರ, ಎಲ್ಲರ ಆಧಾರ್ ಹಿಡಿದು ತಾಲೂಕು ಕಚೇರಿಯಲ್ಲಿ ರೇಷನ್ ಕಾರ್ಡ್ ನೋಡಿಕೊಳ್ಳುವ ಆಹಾರ ಶಿರಸ್ತೇದಾರರ ಹತ್ತಿರ ಹೋಗಿ. ಅರ್ಜಿಗೆ ಸ್ವೀಕೃತಿ ಹಾಕಿಸಿಕೊಳ್ಳದೆ ಬರಬೇಡಿ. ಆಸ್ಪತ್ರೆಯ ಆ ಘಟನೆ ಆದಮೇಲೆ ನಾನು ಕೊಟ್ಟ ಮೊದಲ ಅರ್ಜಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿರಲಿಲ್ಲ. ಎರಡನೆಯದಕ್ಕೆ ಸೀಲ್ ಹಾಕಿಸಿಕೊಂಡೆ, ಕಾರ್ಡ್ ವಾಪಸ್ ಬಂತು. ಆ ಅರ್ಜಿಯ ಒಕ್ಕಣೆ ಬೇಕಿದ್ದರೆ ಹೇಳಿ, ಟೈಪ್ ಮಾಡಿ ಹಾಕುತ್ತೇನೆ.