ಓದುಗರ ಪ್ರಶ್ನೆ, ಕೋಚ್ ಉತ್ತರ: ಹಳೆಯ .22 ರೈಫಲಿನ ಗುರಿ ಸುಧಾರಿಸುವ ಬಗೆ

ಪ್ರಶ್ನೆ: ನನ್ನ ಸೋದರಮಾವ ತೀರಿಕೊಂಡ ಮೇಲೆ ಅವರ .22 ಬೋರಿನ ಸೆಮಿ ಆಟೋಮ್ಯಾಟಿಕ್ ರೈಫಲ್ ಕಾನೂನು ಪ್ರಕಾರ ನನ್ನ ಪರವಾನಗಿಗೆ ಸೇರಿದೆ. ಹತ್ತು ತೋಟಾ ಹಿಡಿಯುವ ಮ್ಯಾಗಜೀನ್, ಭುಜಕ್ಕೊರಗುವ ಮರದ ಸ್ಟಾಕ್, ಮೇಲೆ ನಾನೇ ಹಾಕಿಸಿದ ಸ್ಕೋಪ್. ಕ್ಲಬ್ಬಿನ ರೇಂಜಿನಲ್ಲಿ 50 ಮೀಟರ್ ದೂರದಿಂದ, ಮರಳಿನ ಚೀಲದ ಮೇಲಿಟ್ಟು ಹೊಡೆದರೂ ಐದು ಗುಂಡುಗಳು ಅಂಗೈಯಷ್ಟು ಅಗಲಕ್ಕೆ ಹರಡುತ್ತವೆ. ದಪ್ಪ ನಳಿಗೆ, ಹೊಸ ಟ್ರಿಗರ್, ಹೊಸ ಸ್ಟಾಕ್ ಮೂರನ್ನೂ ಒಟ್ಟಿಗೆ ಹಾಕಿಸಿಬಿಡಿ, ಅಮೆರಿಕದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಯಾವುದರಿಂದ ಆರಂಭಿಸಲಿ?
— ಓದುಗರು, ಕೋಥ್ರೂಡ್, ಪುಣೆ

ಉತ್ತರ: ಮೂರನ್ನೂ ಒಟ್ಟಿಗೆ ಬದಲಿಸಬೇಡಿ. ಹಾಗೆ ಮಾಡಿದರೆ ಗುರಿ ಸುಧಾರಿಸಿದರೂ ಕೆಟ್ಟರೂ ಅದು ಯಾವುದರಿಂದ ಆಯಿತೆಂದು ನಿಮಗೆ ಎಂದಿಗೂ ತಿಳಿಯುವುದಿಲ್ಲ. ನಿಮ್ಮ ಗೆಳೆಯರು ಹೇಳಿದ್ದು ಸುಳ್ಳಲ್ಲ. 1964ರಲ್ಲಿ ಮಾರುಕಟ್ಟೆಗೆ ಬಂದ ರೂಗರ್ 10/22 ಎಂಬ ಇದೇ ಬಗೆಯ .22 ರೈಫಲಿಗೆ ಅಮೆರಿಕದಲ್ಲಿ ಸಿಗದ ಬಿಡಿಭಾಗವೇ ಇಲ್ಲ, ಮೂಲ ರೈಫಲಿನ ಒಂದು ತುಂಡೂ ಉಳಿಯದಂತೆ ಅದನ್ನು ಬದಲಿಸಿಕೊಳ್ಳುವವರೂ ಅಲ್ಲಿದ್ದಾರೆ. ನಮ್ಮಲ್ಲಿ ಪರಿಸ್ಥಿತಿ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ದೃಷ್ಟಿಯಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. ಆದ್ದರಿಂದ ಪರದೇಶದಿಂದ ಅಂಚೆಯಲ್ಲಿ ನಳಿಗೆ ತರಿಸಿಕೊಳ್ಳುವ ಆಲೋಚನೆಯನ್ನು ಇಂದೇ ಬಿಟ್ಟುಬಿಡಿ. ದುರಸ್ತಿ, ಮಾರ್ಪಾಡು, ಪರೀಕ್ಷೆ ಯಾವುದೇ ಇರಲಿ, ಅದನ್ನು ಆ ಕೆಲಸಕ್ಕೆಂದೇ ಪರವಾನಗಿ ಪಡೆದ ಆರ್ಮರರ್ ಕೈಯಲ್ಲಿ ಮಾಡಿಸಬೇಕು. ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡಿಸುವುದಕ್ಕೆ ಪ್ರತ್ಯೇಕ ಪರವಾನಗಿಯೇ ಬೇಕು. ದೊಡ್ಡ ಬದಲಾವಣೆ ಏನಾದರೂ ಮನಸ್ಸಿನಲ್ಲಿದ್ದರೆ ಮೊದಲು ಪೊಲೀಸ್ ಆಯುಕ್ತರ ಕಚೇರಿಯ ಪರವಾನಗಿ ವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟು, ಉತ್ತರವನ್ನೂ ಲಿಖಿತವಾಗಿಯೇ ಪಡೆದುಕೊಳ್ಳಿ.

ಇನ್ನು ರೈಫಲಿನ ಮಾತು. ಮೊದಲು ಅಳತೆ. ಐದು ಗುಂಡುಗಳ ಒಂದು ಗುಂಪನ್ನು ನೋಡಿ ರೈಫಲಿನ ಗುಣ ತೀರ್ಮಾನಿಸಲಾಗದು, ಅದರಲ್ಲಿ ಅದೃಷ್ಟದ ಪಾಲು ದೊಡ್ಡದಿರುತ್ತದೆ. ಐದೈದು ಗುಂಡುಗಳಂತೆ ಐದು ಗುಂಪು ಹೊಡೆಯಿರಿ. ಪ್ರತಿ ಗುಂಪಿನಲ್ಲಿ ಅತಿ ದೂರವಿರುವ ಎರಡು ತೂತುಗಳ ನಡುವಿನ ಅಂತರವನ್ನು ಕೇಂದ್ರದಿಂದ ಕೇಂದ್ರಕ್ಕೆ ಅಳೆದು ಸರಾಸರಿ ತೆಗೆದು, ದಿನಾಂಕ, ತೋಟಾದ ಹೆಸರು, ಗಾಳಿಯ ಸ್ಥಿತಿಯೊಡನೆ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಮುಂದೆ ಮಾಡುವ ಪ್ರತಿಯೊಂದು ಬದಲಾವಣೆಯನ್ನೂ ಈ ಅಂಕಿಗೆ ಹೋಲಿಸಿಯೇ ಒಪ್ಪಬೇಕು, ಇಲ್ಲವೇ ಬಿಡಬೇಕು.

ಅಳತೆಯ ನಂತರ ಸ್ಕ್ರೂಗಳು. ಹಲವು ವರ್ಷಗಳ ಹಿಂದೆ ನಾನು ಇಂಥದೇ ರೈಫಲೊಂದಕ್ಕೆ ತಿಂಗಳುಗಟ್ಟಲೆ ತೋಟಾ ಬದಲಿಸಿ, ಸ್ಟಾಕಿನ ಒಳಗನ್ನು ಕೆರೆಸಿ, ಕೊನೆಗೆ ನಳಿಗೆಯೇ ಕೆಟ್ಟಿದೆಯೆಂದು ನಿರ್ಧರಿಸಿದ್ದೆ. ಒಂದು ಸಂಜೆ ರೈಫಲನ್ನು ಪೆಟ್ಟಿಗೆಗೆ ಹಾಕುವಾಗ ಸ್ಕೋಪಿನ ಹಿಂದಿನ ಮೌಂಟ್ ಬೆರಳಿನ ಒತ್ತಡಕ್ಕೆ ಕೂದಲೆಳೆಯಷ್ಟು ಅಲುಗಿತು. ಅದನ್ನು ಬಿಗಿಗೊಳಿಸಿದ ಮರುದಿನವೇ ಗುಂಪು ಅರ್ಧಕ್ಕಿಳಿಯಿತು. ಈ ಬಗೆಯ ರೈಫಲಿನಲ್ಲಿ ಪ್ರತಿ ಗುಂಡಿಗೂ ಬೋಲ್ಟ್, ಅಂದರೆ ತೋಟಾದ ಹಿಂಬದಿಯನ್ನು ಮುಚ್ಚುವ ಉಕ್ಕಿನ ತುಂಡು, ಹಿಂದಕ್ಕೆ ಚಿಮ್ಮಿ ಉಕ್ಕಿನ ಪಿನ್ನಿಗೆ ಬಡಿಯುತ್ತದೆ, ಮತ್ತೆ ಮುಂದಕ್ಕೆ ಅಪ್ಪಳಿಸುತ್ತದೆ. ಆ ಬಡಿತಕ್ಕೆ ಸ್ಕ್ರೂಗಳು ಸಡಿಲವಾಗುವುದು ಸಹಜ. ಸ್ಕೋಪಿನ ಮೌಂಟ್, ರಿಂಗ್, ಸ್ಟಾಕಿಗೆ ರಿಸೀವರನ್ನು (ಯಂತ್ರಭಾಗದ ಕವಚವನ್ನು) ಹಿಡಿದಿರುವ ಸ್ಕ್ರೂ ಎಲ್ಲವನ್ನೂ ಟಾರ್ಕ್ ಡ್ರೈವರಿನಿಂದ ತಯಾರಕರು ಹೇಳಿದ ಮಟ್ಟಕ್ಕೆ ಬಿಗಿಗೊಳಿಸಿ. ಸ್ಕೋಪ್ 50 ಮೀಟರಿಗೆ ಹೊಂದಿಕೆಯಾಗಿದೆಯೇ ಎಂಬುದನ್ನೂ ಪರೀಕ್ಷಿಸಿ. ದೊಡ್ಡ ರೈಫಲುಗಳ ಸ್ಕೋಪನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ಅಂಥದ್ದಾದರೆ ಕಣ್ಣು ತುಸು ಸರಿದರೂ ಗುರಿರೇಖೆ ಕಾಗದದ ಮೇಲೆ ತೇಲಿದಂತೆ ಕಾಣುತ್ತದೆ.

ನಂತರ ತೋಟಾ. ನನ್ನ ಮಾತಿನಲ್ಲಿ ಒಂದನ್ನೇ ಒಪ್ಪುವುದಾದರೆ ಇದನ್ನು ಒಪ್ಪಿರಿ: ಹಣ ಖರ್ಚು ಮಾಡಲೇಬೇಕೆಂದಿದ್ದರೆ ಮೊದಲ ರೂಪಾಯಿ ತೋಟಾಕ್ಕೆ ಹೋಗಲಿ, ನಳಿಗೆಗೆ ಕೊನೆಯದು. .22 ರಿಮ್‌ಫೈರ್ ಬಗೆಯ ತೋಟಾ, ಇಂಥ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ತಳದ ಅಂಚಿನೊಳಗೆ ತೆಳುವಾಗಿ ಹರಡಿಕೊಂಡಿರುತ್ತದೆ. ಆ ಹರಡುವಿಕೆ ಒಂದೊಂದು ತೋಟಾದಲ್ಲಿ ಒಂದೊಂದು ರೀತಿಯಾದರೆ ಗುಂಡಿನ ವೇಗವೂ ಬದಲಾಗುತ್ತದೆ. ಒಂದು ಗುಂಡು ಸೆಕೆಂಡಿಗೆ 325 ಮೀಟರ್, ಮತ್ತೊಂದು 335 ಮೀಟರ್ ವೇಗದಲ್ಲಿ ಹೊರಟರೆ 50 ಮೀಟರಿನಲ್ಲಿ ಅಷ್ಟಕ್ಕೇ ಸುಮಾರು 7 ಮಿಲಿಮೀಟರ್ ಮೇಲೆ ಕೆಳಗೆ ಆಗುತ್ತದೆ. ಅಂತರರಾಷ್ಟ್ರೀಯ ಗುರಿಹಾಳೆಯ ಹತ್ತು ಅಂಕದ ವೃತ್ತದ ವ್ಯಾಸವೇ 10.4 ಮಿಲಿಮೀಟರ್ ಎಂಬುದನ್ನು ನೆನೆದರೆ ಈ 7 ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ಸಿಗುವಷ್ಟು ಬಗೆಯ ಸ್ಟ್ಯಾಂಡರ್ಡ್ ವೇಗದ ತೋಟಾಗಳನ್ನು ಒಂದೊಂದು ಪೆಟ್ಟಿಗೆ ತಂದು ಹೋಲಿಸಿ. ಬ್ರ್ಯಾಂಡ್ ಬದಲಿಸಿದಾಗ ಮೊದಲ ಹತ್ತು ಹದಿನೈದು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸೀಸದ ಗುಂಡಿನ ಮೇಲಿನ ಮೇಣ ಒಂದೊಂದು ಕಂಪನಿಯದು ಒಂದೊಂದು ತರಹ, ಹೊಸ ಮೇಣ ನಳಿಗೆಯೊಳಗೆ ಕೂರಲು ಅಷ್ಟು ಗುಂಡು ಬೇಕಾಗುತ್ತದೆ. ಯಾವುದು ಹೊಂದಿತೋ ಅದರ ಪೆಟ್ಟಿಗೆಯ ಮೇಲಿನ ಲಾಟ್ (ಒಂದೇ ಸಲ ತಯಾರಾದ ಕಂತಿನ) ಸಂಖ್ಯೆಯನ್ನು ಬರೆದುಕೊಂಡು, ಪರವಾನಗಿಯ ಮಿತಿಯೊಳಗೆ ಅದೇ ಲಾಟ್ ಖರೀದಿಸಿ. ಒಲಿಂಪಿಕ್ ಶೂಟರುಗಳೂ ಮಾಡುವುದು ಇದನ್ನೇ. ತೋಟಾ ತಯಾರಕರಾದ ಇಂಗ್ಲೆಂಡಿನ ಎಲೇ, ಲಾಪುವಾ ಕಂಪನಿಯ ಜರ್ಮನಿಯ ಕಾರ್ಖಾನೆ, ಎರಡೂ ಕಡೆ ತಮ್ಮ ರೈಫಲನ್ನೇ ಒಯ್ದು ಅದಕ್ಕೆ ಹೊಂದುವ ಲಾಟ್ ಆರಿಸಿಕೊಳ್ಳಲು ಪರೀಕ್ಷಾ ರೇಂಜುಗಳಿವೆ.

ಈಗ ನಳಿಗೆಯ ಬಾಯಿ ನೋಡಿ. ಮ್ಯಾಗಜೀನ್ ತೆಗೆದು, ಬೋಲ್ಟ್ ಎಳೆದು, ಚೇಂಬರ್ (ತೋಟಾ ಕೂರುವ ಗೂಡು) ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡ ಮೇಲೆ, ಕಿವಿ ಸ್ವಚ್ಛ ಮಾಡುವ ಹತ್ತಿ ಕಡ್ಡಿಯೊಂದನ್ನು ಬಾಯೊಳಗೆ ತುಸುವೇ ಇಟ್ಟು ಸುತ್ತಲೂ ಹೊರಮುಖವಾಗಿ ಎಳೆಯಿರಿ. ಅಂಚಿನಲ್ಲಿ ಎಲ್ಲಿಯಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಕ್ಕಾಗಿದೆ ಎಂದರ್ಥ. ಗುಂಡು ಹೊಡೆದ ಮೇಲೆ ಬಾಯಿಯ ಸುತ್ತ ಬೂದು ಬಣ್ಣದ ಮಸಿ ಹೂವಿನ ದಳಗಳಂತೆ ಕೂರುತ್ತದೆ. ದಳಗಳೆಲ್ಲ ಸಮವಾಗಿದ್ದರೆ ಅಂಚು ಸರಿಯಿದೆ, ಒಂದು ಕಡೆಗೆ ಉದ್ದವಾಗಿ ಚಾಚಿದ್ದರೆ ಅನಿಲ ಆ ಕಡೆ ಮೊದಲು ಹೊರಬಿದ್ದು ಗುಂಡನ್ನು ಓರೆ ತಳ್ಳುತ್ತಿದೆ. ಇಂಥ ರೈಫಲುಗಳ ರಿಸೀವರ್ ಅನೇಕ ಸಲ ಹಿಂದಿನಿಂದ ಮುಚ್ಚಿರುತ್ತದೆ. ಅದಕ್ಕಾಗಿ ಜನ ಉಕ್ಕಿನ ಸಲಾಕೆಯನ್ನು ಬಾಯಿಯಿಂದಲೇ ತುರುಕಿ ಸ್ವಚ್ಛ ಮಾಡುತ್ತಾರೆ, ವರ್ಷಗಟ್ಟಲೆ ಉಜ್ಜಿದ ಅಂಚು ಸವೆಯುತ್ತದೆ. ನಿಮ್ಮ ಮಾವನವರ ರೈಫಲಿಗೂ ಹೀಗೆ ಆಗಿರುವ ಸಾಧ್ಯತೆ ಇದೆ. ಆರ್ಮರರ್ ಆ ಅಂಚನ್ನು ಹೊಸದಾಗಿ ಕಡೆದುಕೊಡಬಲ್ಲರು. ಖರ್ಚು ಸಣ್ಣದು, ಫಲ ಕೆಲವೊಮ್ಮೆ ಹೊಸ ನಳಿಗೆ ಹಾಕಿಸಿದಷ್ಟು. ಮುಂದೆ ಸ್ವಚ್ಛಗೊಳಿಸಲು ಚೇಂಬರಿನಿಂದ ಬಾಯಿಯ ಕಡೆಗೆ ಎಳೆಯುವ ಹಗ್ಗದ ಸಾಧನವನ್ನು ಬಳಸಿ.

ಮರದ ಸ್ಟಾಕಿನ ವಿಷಯದಲ್ಲಿ ಪುಣೆಯ ಹವೆಯನ್ನು ಮರೆಯಬಾರದು. ಮೇ ತಿಂಗಳ ಒಣ ಬಿಸಿಲಿನಲ್ಲಿ ನಳಿಗೆಗೆ ತಾಗದೆ ಇದ್ದ ಮರ ಜುಲೈನಲ್ಲಿ ತೇವ ಕುಡಿದು ಉಬ್ಬಿ ಒಂದು ಪಕ್ಕವನ್ನು ಒತ್ತಬಹುದು. ಮುಂಭಾಗದಲ್ಲಿ ನಳಿಗೆಗೂ ಮರಕ್ಕೂ ನಡುವೆ ಒಂದು ಅಂಚೆ ಕಾರ್ಡ್ ತೂರಿಸಿ ರಿಸೀವರಿನ ಕಡೆಗೆ ಜಾರಿಸಿ ನೋಡಿ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಒತ್ತಡವಿದೆ. ಆ ಜಾಗವನ್ನು ಮರಳು ಕಾಗದದಿಂದ ತೆಳುವಾಗಿ ಉಜ್ಜಿ, ಕೂಡಲೇ ವಾರ್ನಿಷ್ ಬಳಿದು ಮುಚ್ಚಬೇಕು. ರಿಸೀವರ್ ಕೂರುವ ಜಾಗಕ್ಕೆ ಎಪಾಕ್ಸಿ ತುಂಬಿ ಅಚ್ಚಿನಂತೆ ಕೂರಿಸುವ ಕೆಲಸವೂ ಉಂಟು. 10/22 ಮಾದರಿಯಲ್ಲಿ ಇಡೀ ಯಂತ್ರಭಾಗ ಸ್ಟಾಕಿಗೆ ಅಂಟಿಕೊಂಡಿರುವುದು ಒಂದೇ ಸ್ಕ್ರೂವಿನಿಂದಾದ್ದರಿಂದ ಇದರಿಂದ ಬಹಳ ಅನುಕೂಲವಾಗುತ್ತದೆ.

ಟ್ರಿಗರ್ ಬಗ್ಗೆ ಕಟ್ಟುನಿಟ್ಟಾಗಿಯೇ ಹೇಳುತ್ತೇನೆ. ಎರಡು ಕಿಲೋಗಿಂತ ತುಸು ಹೆಚ್ಚು ತೂಗುವ ರೈಫಲಿನಲ್ಲಿ ಟ್ರಿಗರ್ ಎಳೆಯಲು ಎರಡೂವರೆ ಕಿಲೋದಷ್ಟು ಬಲ ಬೇಕಾಗುವುದು ಈ ಬಗೆಯಲ್ಲಿ ಸಾಮಾನ್ಯ. ಆ ಭಾರ ಇಡೀ ರೈಫಲನ್ನು ಪಕ್ಕಕ್ಕೆ ಎಳೆಯುತ್ತದೆ, ಹಗುರವಾದ ಟ್ರಿಗರಿನಿಂದ ಶೂಟರಿಗೆ ನಿಜವಾದ ಲಾಭವಿದೆ. ಆದರೆ ಮನೆಯಲ್ಲಿ ಕೂತು ಸಿಯರ್ (ಟ್ರಿಗರ್ ಎಳೆಯುವವರೆಗೆ ಹ್ಯಾಮರನ್ನು ತಡೆದಿಡುವ ತುಂಡು) ಉಜ್ಜುವುದು, ಸ್ಪ್ರಿಂಗ್ ಕತ್ತರಿಸುವುದು ಸಲ್ಲದು. ಸಿಯರಿನ ಕೋನ ತುಸು ತಪ್ಪಿದರೂ ರೈಫಲ್ ಕುಲುಕಿದಾಗಲೇ ಸಿಡಿಯಬಹುದು, ಅಥವಾ ಒಮ್ಮೆ ಎಳೆದರೆ ಎರಡು ಮೂರು ಗುಂಡು ಒಟ್ಟಿಗೆ ಹಾರಬಹುದು. ಪಕ್ಕದ ಲೇನಿನಲ್ಲಿ ಮನುಷ್ಯರಿರುತ್ತಾರೆ. ಕಾಯ್ದೆಯ ದೃಷ್ಟಿಯಿಂದಲೂ, ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತು ಗುಂಡು ಹಾರಿಸುವ ಆಯುಧ ನಿಷೇಧಿತ ವರ್ಗದ್ದು. ನಿಮ್ಮ ರೈಫಲ್ ಎಂದಾದರೂ ಒಂದೇ ಎಳೆತಕ್ಕೆ ಎರಡು ಹೊಡೆದರೆ ಆ ಕ್ಷಣವೇ ಖಾಲಿ ಮಾಡಿ, ರೇಂಜ್ ಅಧಿಕಾರಿಗೆ ತಿಳಿಸಿ, ಆರ್ಮರರ್ ನೋಡುವವರೆಗೆ ಮುಟ್ಟಬೇಡಿ.

ಇಷ್ಟೆಲ್ಲ ಆದ ಮೇಲೆಯೂ ಗುಂಪು ಕುಗ್ಗದಿದ್ದರೆ ಮಾತ್ರ ನಳಿಗೆ ಮತ್ತು ಚೇಂಬರಿನ ಯೋಚನೆ. ತೋಟಾಗಳು ತಡೆಯಿಲ್ಲದೆ ಒಳಹೋಗಲೆಂದು ಸೆಮಿ ಆಟೋಮ್ಯಾಟಿಕ್ ರೈಫಲಿನ ಚೇಂಬರನ್ನು ತುಸು ಸಡಿಲವಾಗಿಯೇ ಕೊರೆದಿರುತ್ತಾರೆ. ಗುಂಡು ಅದರಲ್ಲಿ ನೇರ ಕೂರದೆ ಓರೆಯಾಗಿ ಹೊರಡುವುದು ಗುರಿ ಚದುರಲು ಒಂದು ಕಾರಣ. ಸ್ಪರ್ಧೆಯ ರೈಫಲಿನಷ್ಟು ಬಿಗಿ ಚೇಂಬರ್ ಹಾಕಿಸಿದರೆ ತೋಟಾ ಪೂರ್ತಿ ಕೂರದೆ ಸಿಕ್ಕಿಕೊಳ್ಳುತ್ತದೆ, ಬೋಲ್ಟ್ ಪೂರ್ತಿ ಮುಚ್ಚುವ ಮೊದಲೇ ಸಿಡಿಯುವ ಅಪಾಯವೂ ಇದೆ. ಇವೆರಡರ ನಡುವೆ ಬೆಂಟ್ಸ್ ಎಂಬ ಅಳತೆಯ ಚೇಂಬರ್ ಇದೆ, ಸೆಮಿ ಆಟೋಮ್ಯಾಟಿಕ್‌ಗೆ ಒಪ್ಪುವುದು ಅದು. ದಪ್ಪ ನಳಿಗೆ ತಾನಾಗಿಯೇ ಹೆಚ್ಚು ನಿಖರವೆಂಬುದು ಪೂರ್ತಿ ಸರಿಯಲ್ಲ. ಭಾರದಿಂದ ರೈಫಲ್ ಕೈಯಲ್ಲಿ ಸ್ಥಿರವಾಗಿ ನಿಲ್ಲುತ್ತದೆ, ಅಷ್ಟು ನಿಜ.

ಪ್ರಶ್ನೆ: ನಾನು ಕೊಡಗಿನವನು. ಊರಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದು ಅಭ್ಯಾಸ. ಇಲ್ಲಿ .22 ರೈಫಲಿಗೆ ಹೈ ವೆಲಾಸಿಟಿ ತೋಟಾ ಬಳಸುತ್ತೇನೆ. ವೇಗ ಹೆಚ್ಚಾದಷ್ಟೂ ಗಾಳಿಯ ಕಾಟ ಕಡಿಮೆಯಲ್ಲವೇ?
— ಓದುಗರು, ಠಾಣೆ

ಉತ್ತರ: ಹಾಗೆ ತೋರುತ್ತದೆ, ಆದರೆ .22ರಲ್ಲಿ ನಡೆಯುವುದು ತಿರುಗಾಮುರುಗಾ. ಅಡ್ಡಗಾಳಿ ಗುಂಡನ್ನು ಎಷ್ಟು ಸರಿಸುತ್ತದೆಂಬುದು ಗುಂಡು ಎಷ್ಟು ಬೇಗ ಹೋಯಿತು ಎಂಬುದಕ್ಕಿಂತ, ದಾರಿಯಲ್ಲಿ ಎಷ್ಟು ವೇಗ ಕಳೆದುಕೊಂಡಿತು ಎಂಬುದನ್ನು ಅವಲಂಬಿಸಿದೆ. ಹೈ ವೆಲಾಸಿಟಿ ಗುಂಡು ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ, ಅಂದರೆ ಶಬ್ದಕ್ಕಿಂತ ಬೇಗ ಹೊರಡುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ 343 ಮೀಟರ್. ಶಬ್ದವೇಗದ ಮೇಲೆ ಗಾಳಿಯ ತಡೆ ಥಟ್ಟನೆ ಹೆಚ್ಚಿ ಗುಂಡು ಬಹುಬೇಗ ವೇಗ ಕಳೆದುಕೊಳ್ಳುತ್ತದೆ, ಅದರ ಜೊತೆಗೆ ಆ ಗಡಿಯನ್ನು ದಾಟಿ ಕೆಳಗಿಳಿಯುವಾಗ ತುಸು ಅಲುಗುವುದೂ ಉಂಟು. ಸ್ಪರ್ಧೆಯ ತೋಟಾಗಳೆಲ್ಲ 320ರಿಂದ 330 ಮೀಟರಿನ ಆಸುಪಾಸಿನಲ್ಲಿರುವುದು ಇದೇ ಕಾರಣಕ್ಕೆ. ಅವಕ್ಕೂ ಸೆಕೆಂಡಿಗೆ 4.5 ಮೀಟರಿನ ಅಡ್ಡಗಾಳಿ 50 ಮೀಟರಿನಲ್ಲಿ ಎರಡೂವರೆಯಿಂದ ಮೂರು ಸೆಂಟಿಮೀಟರ್ ಸರಿತ ಕೊಡುತ್ತದೆ. ತೆಂಗಿನಕಾಯಿಗೆ ಅದು ಲೆಕ್ಕವಿಲ್ಲ, ಎಲ್ಲಿ ತಾಗಿದರೂ ಕಾಯಿ ಸಿಡಿಯುತ್ತದೆ. ಹಾಳೆಯ ಮೇಲಾದರೆ ಹತ್ತರ ಗುಂಡು ಏಳಕ್ಕೆ ಹೋಗಿ ಬೀಳುತ್ತದೆ. ಆದ್ದರಿಂದ ಸ್ಟ್ಯಾಂಡರ್ಡ್ ವೇಗದ ತೋಟಾಕ್ಕೆ ಬನ್ನಿ, ರೇಂಜಿನಲ್ಲಿ ಕಟ್ಟಿರುವ ಗಾಳಿಪಟ್ಟಿಗಳು ಒಂದೇ ತೆರನಾಗಿ ಹಾರುವಾಗ ಮಾತ್ರ ಟ್ರಿಗರ್ ಎಳೆಯಿರಿ. ಒಂದು ಎಚ್ಚರಿಕೆ: ನಿಮ್ಮದು ಸೆಮಿ ಆಟೋಮ್ಯಾಟಿಕ್ ಆಗಿದ್ದರೆ ಕಡಿಮೆ ವೇಗದ ತೋಟಾ ಕೆಲವು ರೈಫಲುಗಳ ಬೋಲ್ಟನ್ನು ಪೂರ್ತಿ ಹಿಂದಕ್ಕೆ ತಳ್ಳಲಾರದು. ಹತ್ತು ಮ್ಯಾಗಜೀನ್ ತಡೆಯಿಲ್ಲದೆ ನಡೆದರೆ ಆ ತೋಟಾ ನಿಮ್ಮ ರೈಫಲಿಗೆ ಒಪ್ಪಿದೆ ಎಂದು ತಿಳಿಯಿರಿ.

ಪ್ರಶ್ನೆ: ನನ್ನ ಮಗಳಿಗೆ ಹದಿನೈದು ವರ್ಷ, ಮುಂಬೈಯ ವರಳಿಯ ರೇಂಜಿಗೆ ಹೋಗಬೇಕೆಂದು ಹಟ ಹಿಡಿದಿದ್ದಾಳೆ. ಮನೆಯಲ್ಲಿ ಅವಳ ಅಜ್ಜನ ಸೆಮಿ ಆಟೋಮ್ಯಾಟಿಕ್ .22 ಇದೆ. ಅದನ್ನೇ ಸುಧಾರಿಸಿ 50 ಮೀಟರ್ ಸ್ಪರ್ಧೆಗೆ ಬಳಸಬಹುದೇ?
— ಓದುಗರು, ಡೊಂಬಿವಲಿ

ಉತ್ತರ: ಬಳಸಲಾಗದು. 50 ಮೀಟರ್ ರೈಫಲ್ ಸ್ಪರ್ಧೆಯ ನಿಯಮದಂತೆ ಒಂದೊಂದೇ ತೋಟಾವನ್ನು ಕೈಯಿಂದ ತುಂಬುವ ರೈಫಲ್ ಇರಬೇಕು. ಅದಕ್ಕೆ ಹಣ ಹಾಕಬೇಡಿ, ಅಜ್ಜನ ಪರವಾನಗಿಯ ಆಯುಧವನ್ನು ಮಗುವಿನ ಕೈಗೂ ಕೊಡಬೇಡಿ. ಮೊದಲು 10 ಮೀಟರ್ ಏರ್ ರೈಫಲ್‌ನಿಂದ ಆರಂಭಿಸಲಿ. ನಿಲುವು, ಉಸಿರು, ಟ್ರಿಗರಿನ ಮೇಲೆ ಬೆರಳಿನ ನಡೆ ಎಲ್ಲವೂ ಅಲ್ಲಿಯೇ ಕೂಡಿಬರುತ್ತವೆ, ಒಂದೊಂದು ಗುಂಡಿನ ಖರ್ಚೂ ತೀರ ಕಡಿಮೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ) ವಿಭಾಗದ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ, 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವ) ವಿಭಾಗದ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್, ಇಬ್ಬರೂ ಕರ್ನಾಟಕದ ಗಡಿಗೆ ತಾಗಿಕೊಂಡಿರುವ ಕೊಲ್ಹಾಪುರ ಜಿಲ್ಲೆಯವರು. ಮಗಳಿಗೆ ಅವರ ಕಥೆ ಹೇಳಿ, ಮುಂದಿನ ಶನಿವಾರ ಅವಳನ್ನು ಕರೆದುಕೊಂಡು ರೇಂಜಿಗೆ ಹೋಗಿ. ಸದಸ್ಯತ್ವದ ಅರ್ಜಿಗೆ ವಯಸ್ಸಿನ ದಾಖಲೆ ಮತ್ತು ಪೋಷಕರ ಒಪ್ಪಿಗೆ ಪತ್ರ ಜೊತೆಯಲ್ಲಿರಲಿ.