ಆರುವುದು ನೀರು ಮಾತ್ರ, ಉಪ್ಪಲ್ಲ

ಏಪ್ರಿಲ್ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಈ ಸಲ ಕೇಳಿದವರು ಸಿಂಧನೂರಿನವರು.

ಪ್ರಶ್ನೆ: ನಮ್ಮದು 200 ಲೀಟರಿನ ಸಮುದ್ರದ ನೀರಿನ ಟ್ಯಾಂಕ್. ಮಧ್ಯಾಹ್ನ ನೀರು 32 ಡಿಗ್ರಿ ಮುಟ್ಟುತ್ತಿತ್ತು. ಫ್ಯಾನ್ ಇಟ್ಟ ಮೇಲೆ ಇಳಿದಿದೆ. ಆದರೆ ದಿನಕ್ಕೆ 5 ಲೀಟರ್ ನೀರು ಆರುತ್ತದೆ. ಅಷ್ಟಕ್ಕೂ ಅಳತೆ ಪ್ರಕಾರ ಉಪ್ಪು ಕಲಸಿಯೇ ತುಂಬುತ್ತೇನೆ. ಎರಡು ವಾರದಲ್ಲಿ ಮೂರು ಮೀನು ಸತ್ತವು. ಐಸ್ ಹಾಕಲೇ ಸರ್?

ಉತ್ತರ: ಐಸ್ ಬೇಡ. ಫ್ಯಾನ್ ಇಟ್ಟಿದ್ದು ಸರಿ. ನನಗೆ ಅನುಮಾನ ಇರುವುದು ನೀವು ಅಳತೆ ಪ್ರಕಾರ ಹಾಕಿದ ಆ ಉಪ್ಪಿನ ಮೇಲೆ.

ನೀರು ಆವಿಯಾಗುವಾಗ ಬಿಸಿಯನ್ನೂ ಒಯ್ಯುತ್ತದೆ. ಮಣ್ಣಿನ ಗಡಿಗೆ ತಣ್ಣಗಿರುವುದು ಹೀಗೇ ಅಲ್ವಾ? ಮಂಗಳೂರಿನ ಕಡೆ ಗಾಳಿಯಲ್ಲೇ ತೇವ ಜಾಸ್ತಿ, ಅಲ್ಲಿ ಫ್ಯಾನಿನ ಆಟ ಇಷ್ಟು ನಡೆಯುವುದಿಲ್ಲ. ನಮ್ಮ ಒಣ ಬಿಸಿಲಿಗೆ ಎರಡು ಮೂರು ಡಿಗ್ರಿ ಆರಾಮಾಗಿ ಇಳಿಯುತ್ತದೆ. ಆದರೆ ಹಾರಿಹೋಗುವುದು ಬರೀ ನೀರು. ಉಪ್ಪು ಟ್ಯಾಂಕಿನಲ್ಲೇ ಕೂತಿರುತ್ತದೆ.

ಲೆಕ್ಕ ಹಾಕಿ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನಿಮ್ಮ ಟ್ಯಾಂಕಿನಲ್ಲಿ ಇರಬೇಕಾದ್ದು 7 ಕಿಲೋ. ನೀವು ದಿನಾ 175 ಗ್ರಾಂ ಸೇರಿಸಿದ್ದೀರಿ. 14 ದಿನಕ್ಕೆ ಹತ್ತಿರ ಹತ್ತಿರ ಎರಡೂವರೆ ಕಿಲೋ! ಈಗ ಲೀಟರಿಗೆ 47 ಗ್ರಾಂ. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ.

ಗಾಬರಿಯಾಗಿ ಒಂದೇ ದಿನ ಅರ್ಧ ನೀರು ಬದಲಿಸಬೇಡಿ. ದಿನಾ ಆರಿದಷ್ಟು ಸಪ್ಪೆ ಆರ್‌ಓ ನೀರು ತುಂಬಿ. ಅದರ ಮೇಲೆ ಟ್ಯಾಂಕಿನಿಂದ 5 ಲೀಟರ್ ತೆಗೆದು ಅಷ್ಟೇ ಆರ್‌ಓ ನೀರು ಹಾಕಿ. 12 ದಿನಕ್ಕೆ ಹೆಚ್ಚು ಕಡಿಮೆ ಸರಿಹೋಗುತ್ತದೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ 1.025 ತೋರಿಸಿದರೆ ನಿಲ್ಲಿಸಿ. ಆಮೇಲೆ ಗಾಜಿನ ಮೇಲೆ ಗೆರೆ ಎಳೆದು, ಬೆಳಿಗ್ಗೆ ಸಂಜೆ ಗೆರೆಯವರೆಗೆ ಸಪ್ಪೆ ನೀರು. ಉಪ್ಪು ಕಲಸಿದ ನೀರು ಬೇಕಾಗುವುದು ಹಳೆ ನೀರು ತೆಗೆದು ಬದಲಿಸುವಾಗ ಮಾತ್ರ. ನೀರು ಇಳಿದಾಗ ತಾನೇ ತುಂಬುವ ಫ್ಲೋಟ್ ವಾಲ್ವ್ ಹಾಕುವುದಾದರೆ ಅದಕ್ಕೆ ದೊಡ್ಡ ಡ್ರಮ್ ಜೋಡಿಸಬೇಡಿ. ನನ್ನ ವಾಲ್ವ್ ಒಂದು ರಾತ್ರಿ ಸಿಕ್ಕಿಕೊಂಡು ಡ್ರಮ್ಮಿನ ನೀರೆಲ್ಲ ಟ್ಯಾಂಕಿಗೆ ಇಳಿದಿತ್ತು. ಅಂದಿನಿಂದ ನನ್ನದು 10 ಲೀಟರಿನ ಕ್ಯಾನ್.

ಐಸ್ ಯಾಕೆ ಬೇಡ? ಗಂಟೆಯಲ್ಲಿ ಇಳಿಸಿ ಮತ್ತೆ ಏರಿಸುವ ಏರಿಳಿತ ಸ್ಥಿರವಾದ 28 ಡಿಗ್ರಿಗಿಂತ ಕೆಟ್ಟದ್ದು. ಫ್ಯಾನಿಗೂ ಬಗ್ಗದಿದ್ದರೆ ನೀರು ತಂಪು ಮಾಡುವ ಚಿಲ್ಲರ್ ತನ್ನಿ, ಇಲ್ಲವೇ ಆ ಕೋಣೆಗೆ ಎಸಿ ಹಾಕಿಸಿ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಕರೆಂಟ್ ಹೋದಾಗ ಮೀನು ಉಸಿರು ಕಟ್ಟಿ ಸಾಯುತ್ತದೆ. ಶಕ್ತಿನಗರದ ವಿದ್ಯುತ್ ಸ್ಥಾವರ ಬಗಲಲ್ಲೇ ಇದ್ದರೂ ರಾಯಚೂರಲ್ಲಿ ಕರೆಂಟ್ ಹೋಗುತ್ತದೆ. ಬ್ಯಾಟರಿಯ ಏರ್ ಪಂಪ್ ಒಂದು ಇರಲಿ.

ಪ್ರಶ್ನೆ: ನಮ್ಮ ಬೋರಿನದು ಸವುಳು ನೀರು. ಉಪ್ಪಿನ ಖರ್ಚು ಉಳಿಯುತ್ತದಲ್ಲ? (ಗಂಗಾವತಿ)

ಇಲ್ಲ. ಅದು ಬೇರೆ ಉಪ್ಪು.

ಪ್ರಶ್ನೆ: ಹೊಸ ಟ್ಯಾಂಕಿಗೆ ಬಾಟಲಿಯ ಬ್ಯಾಕ್ಟೀರಿಯಾ ಹಾಕಿದರೆ ಮರುದಿನವೇ ಮೀನು ಬಿಡಬಹುದು ಎಂದು ಅಂಗಡಿಯವರು ಹೇಳಿದರು.

ಅವರಿಗೆ ಮೀನು ಮಾರಬೇಕು, ಅದಕ್ಕೇ ಹೇಳಿದರು. ಅದು ಸತ್ತರೆ ಇನ್ನೊಂದು ಮಾರುತ್ತಾರೆ. ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಮೊದಲು ಏರಿ, ಬ್ಯಾಕ್ಟೀರಿಯಾ ಬೆಳೆದ ಮೇಲೆ ಸೊನ್ನೆಗೆ ಇಳಿಯಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಪ್ರಶ್ನೆ: ಗಟ್ಟಿ ಹವಳ ತರಿಸಿಕೊಡುತ್ತೇವೆ, ಎಲ್ಲರೂ ಇಟ್ಟಿದ್ದಾರೆ ಎನ್ನುತ್ತಾರೆ. ತಗೊಳ್ಳಲೇ? (ಬಳ್ಳಾರಿ)

ಬೇಡ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಯ ಜೊತೆಗೆ. ಹುಲಿ ಮರಿ ತರಿಸಿಕೊಡುತ್ತೇವೆ ಎಂದರೆ ತಗೊಳ್ಳುತ್ತೀರಾ?

ಪ್ರಶ್ನೆ: ಟ್ಯಾಂಕ್ ಈಶಾನ್ಯದಲ್ಲೇ ಇರಬೇಕಾ?

ಬಿಸಿಲು ಬೀಳದ ಕಡೆ ಇರಲಿ. ಕಲ್ಲು, ಗಾಜು ಸೇರಿ ಕಾಲು ಟನ್ನಿಗಿಂತ ಜಾಸ್ತಿ ಭಾರ. ಮೊದಲು ಸ್ಟ್ಯಾಂಡ್ ನೋಡಿಕೊಳ್ಳಿ.