ಡಾಟ್ಸನ್ 240ಝೆಡ್‌ಗೆ ಕಾರ್ಬೊರೇಟರೇ ಇರ್ಲಾ, ಫ್ಯೂಯಲ್ ಇಂಜೆಕ್ಷನ್ ಹಾಕಿಸ್ಲಾ?

ಅಮೆರಿಕದ ಎತ್ತರದ ಊರು ಡೆನ್ವರ್‌ನಲ್ಲಿ 1972ರ 240ಝೆಡ್ (ಹಳೇ ಜಪಾನಿ ಸ್ಪೋರ್ಟ್ಸ್ ಕಾರು) ತಗೊಂಡಿದೀರ, ಬೆಟ್ಟ ಹತ್ತುವಾಗ ಕಪ್ಪು ಹೊಗೆ, ಬಿಸಿ ಇಂಜಿನ್ ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಕ್ಕೆ ಸತಾಯಿಸತ್ತೆ, ಇಎಫ್‌ಐ (ಎಲೆಕ್ಟ್ರಾನಿಕ್ ಫ್ಯೂಯಲ್ ಇಂಜೆಕ್ಷನ್) ಹಾಕಿಸ್ಲಾ ಅಂತ ಕೇಳಿದೀರ. ಈಗ್ಲೇ ಬೇಡ ಅಂತೀನಿ ನಾನು.

ನಿಮ್ಮ ಗಾಡಿಲಿರೋದು ಬ್ರಿಟನ್ನಿನ ಎಸ್‌ಯು ಕಂಪನಿಯವುಗಳ ಥರದ ಎರಡು ಹಿಟಾಚಿ ಕಾರ್ಬು (ಗಾಳಿಗೆ ಪೆಟ್ರೋಲ್ ಬೆರೆಸೋ ಕಾರ್ಬೊರೇಟರ್), ತಲೆ ಗುಂಡಗಿರೋವು. 1973ರ ಚಪ್ಪಟೆ ತಲೆಯವಾಗಿದ್ರೆ ಮೊದ್ಲು ಬಿಚ್ಚಿಸಿ ಅಂತಿದ್ದೆ, ಆದ್ರೆ ಇವು ನಿಜಕ್ಕೂ ಒಳ್ಳೆ ಕಾರ್ಬು. ಇಂಜಿನ್ ಎಳೆಯೋ ಗಾಳಿಗೆ ತಕ್ಕಂಗೆ ಒಳಗಿನ ಪಿಸ್ಟನ್ ತಾನೇ ಮೇಲೇಳತ್ತೆ, ಅದರ ತುದಿಲಿರೋ ಸೂಜಿ ಎಷ್ಟು ಪೆಟ್ರೋಲ್ ಹೋಗ್ಬೇಕೋ ಅಷ್ಟು ಬಿಡತ್ತೆ. ಗಾಳಿ ತೆಳುವಾಗಿದೆ ಅನ್ನೋದು ಮಾತ್ರ ಅದಕ್ಕೆ ಪೂರ್ತಿ ಗೊತ್ತಾಗಲ್ಲ. ಡೆನ್ವರ್ 1600 ಮೀಟರ್, ಗಾಳಿ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 17 ಕಮ್ಮಿ, ಅಲ್ಲಿನ ಬೆಟ್ಟದ ದಾರಿ ಲವ್‌ಲ್ಯಾಂಡ್ ಪಾಸ್ ಅಂತೂ 3600 ಮೀಟರ್ ದಾಟತ್ತೆ, ಇರೋ ಗಾಳಿಗೆ ಪೆಟ್ರೋಲ್ ಜಾಸ್ತಿ ಆಗತ್ತೆ, ಅದಕ್ಕೇ ಆ ಹೊಗೆ. ಕಾರ್ಬಿನ ಅಡಿಲಿರೋ ನಟ್ಟು ತಿರುಗಿಸಿ ಊರಿನ ಎತ್ತರಕ್ಕೆ ಲೀನ್ ಮಾಡ್ಕೊಳ್ಳಿ (ಅಂದ್ರೆ ಪೆಟ್ರೋಲ್ ಕಮ್ಮಿ ಮಾಡಿ), ಅದಕ್ಕೂ ಮುಂಚೆ ವಾಲ್ವ್ ಕ್ಲಿಯರೆನ್ಸ್, ಟೈಮಿಂಗ್, ಕಾರ್ಬಿನ ಪಿಸ್ಟನ್ ಕುಣಿಯದಂಗೆ ತಡೆಯೋ ಡ್ಯಾಂಪರ್ ಎಣ್ಣೆ, ಥ್ರಾಟಲ್ ಶಾಫ್ಟ್ ಸವೆದು ಗಾಳಿ ಎಳೀತಿದೆಯಾ, ಎಲ್ಲ ನೋಡಿಸಿ. ಎಷ್ಟೋ ಸಲ ಬೈಗುಳ ಕಾರ್ಬಿಗೆ, ತಪ್ಪು ಕಿಡಿ ಹಾರಿಸೋ ಹಳೇ ಇಗ್ನಿಷನ್ ಪಾಯಿಂಟ್‌ದು.

ಯಾರಾದ್ರೂ ಮೂರು ವೆಬರ್ ಕಾರ್ಬು ಹಾಕಿಸಿ ಅಂದ್ರೆ ಕೇಳ್ಬೇಡಿ, ಸೌಂಡು ಅದ್ಭುತ ಒಪ್ತೀನಿ, ಆದ್ರೆ ಅದರ ಜೆಟ್ (ಪೆಟ್ರೋಲ್ ಬರೋ ತೂತು) ಫಿಕ್ಸೆಡ್, ನಿಮ್ಮ ಬೆಟ್ಟಕ್ಕೆ ಆಗ್ಬರಲ್ಲ.

ಬಿಸಿ ಸ್ಟಾರ್ಟ್ ವಿಷಯದಲ್ಲಿ ಇಎಫ್‌ಐ ಗೆಲ್ಲತ್ತೆ. ಈ ಇಂಜಿನ್‌ನಲ್ಲಿ ಎಕ್ಸಾಸ್ಟೂ ಕಾರ್ಬೂ ಒಂದೇ ಪಕ್ಕ ಇರೋದ್ರಿಂದ ಕಾರ್ಬಿನ ಪೆಟ್ರೋಲ್ ಬಟ್ಟಲಾದ ಫ್ಲೋಟ್ ಬೌಲ್‌ನಲ್ಲಿ ಪೆಟ್ರೋಲ್ ಕುದಿಯತ್ತೆ, ಈಗಿನ ಎಥನಾಲ್ ಪೆಟ್ರೋಲ್ ಅಂತೂ ಇನ್ನೂ ಬೇಗ. ಒಳ್ಳೆ ಹೀಟ್ ಶೀಲ್ಡ್ ಹಾಕಿದ್ರೆ ಬಹಳ ಮಟ್ಟಿಗೆ ಕಮ್ಮಿ ಆಗತ್ತೆ.

ಡಾಟ್ಸನ್ನೇ 1975ರ 280ಝೆಡ್‌ಗೆ ಬಾಷ್ ಇಂಜೆಕ್ಷನ್ ಹಾಕ್ತು, ಹಾಗಾಗಿ ಇಎಫ್‌ಐ ಹಾಕ್ಸೋದು ಪಾಪ ಅಂತ ನಾನೇನೂ ಅನ್ನಲ್ಲ. ದಿನಾ ಓಡಿಸ್ತೀನಿ, ವಾರವಾರ ಪಾಸ್ ಹತ್ತಿ ಇಳೀತೀನಿ ಅಂದ್ರೆ ಹಾಕಿಸಿ, ಆಕ್ಸಿಜನ್ ಸೆನ್ಸರ್ ನೋಡ್ಕೊಂಡು ಮಿಕ್ಸ್ಚರ್ ತಾನೇ ಸರಿ ಮಾಡ್ಕೊಳತ್ತೆ. ಆದ್ರೆ ಎತ್ತರದಲ್ಲಿ ಹೋದ ಪವರ್ ವಾಪಸ್ ಬರಲ್ಲ, ಅಲ್ಲಿ ಗಾಳಿನೇ ಕಮ್ಮಿ. ಮತ್ತೆ ಕಾರ್ಬಿಗೆ ಪೆಟ್ರೋಲ್ ಒತ್ತಡ 4 ಪಿಎಸ್‌ಐ ಆಸುಪಾಸು ಸಾಕು, ಇಂಜೆಕ್ಷನ್‌ಗೆ 40ರ ಮೇಲೆ ಬೇಕು, ಹಳೇ ಪೈಪಲ್ಲಿ ಆ ಒತ್ತಡ ಬಿಟ್ರೆ ಬೆಂಕಿ ಹತ್ಕೊಳ್ಳೋ ಅಪಾಯ ಜಾಸ್ತಿ. ಹೈ ಪ್ರೆಶರ್ ಪಂಪು, ಇಂಜೆಕ್ಷನ್‌ಗೆ ಅಂತ್ಲೇ ಬರೋ ಹೋಸು, ತಿರುವಲ್ಲಿ ಪಂಪಿಗೆ ಪೆಟ್ರೋಲ್ ತಪ್ಪದಂಗೆ ಸರ್ಜ್ ಟ್ಯಾಂಕು, ಹೊಸ ವೈರಿಂಗು, ಇಷ್ಟಕ್ಕೂ ದುಡ್ಡು ಇಟ್ಕೊಂಡು ಶುರು ಮಾಡಿ. ಬಿಚ್ಚಿದ ಕಾರ್ಬು, ಮ್ಯಾನಿಫೋಲ್ಡ್ ಮಾತ್ರ ಮಾರ್ಬೇಡಿ, ಎಣ್ಣೆ ಸವರಿ ಎತ್ತಿಡಿ.